ಕಡತ ಸಂಕೋಚನ ಸಾಧನಗಳೂ ಅವುಗಳ ಸಹಾಯಪಾಠವೂ

ಶಾಸ್ತ್ರವನ್ನು ಸೂತ್ರರೂಪವಾಗಿ ರಚಿಸುವ ಪದ್ಧತಿ ಭರತಖಂಡದಲ್ಲಿ ಬಹು ಪ್ರಾಚೀನವಾದುದು. ಅಕ್ಷರಗಳು ಕಡಮೆಯಾಗಿರಬೇಕು, ಅರ್ಥವು ಸಂದೇಹಕ್ಕೆ ಎಡೆಗೊಡದಂತಿರಬೇಕು ಎಂಬುದು ಸೂತ್ರದ ಲಕ್ಷಣ. ಆದರೆ ಬರಿಯ ಸೂತ್ರವನ್ನು ಕೈಗಿತ್ತು ಶಿಷ್ಯನನ್ನು ಕಳುಹಿಸಿಬಿಡುವುದು ವಿದ್ವಾಂಸರ ಕ್ರಮವಾಗಿರಲಿಲ್ಲ. ಸೂತ್ರದ ಬೆನ್ನಿಗೆ ವೃತ್ತಿಯುಂಟು, ವೃತ್ತಿಯ ಬೆನ್ನಿಗೆ ಪ್ರಯೋಗವುಂಟು, ಇವೆಲ್ಲಕ್ಕೂ ಮೇಲೆ ಗುರುಮುಖವುಂಟು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಸೂತ್ರಗಳನ್ನು ಕಂದಪದ್ಯಗಳಲ್ಲಿ ಹೇಳಿ, ತಾನೇ ಅವಕ್ಕೆ ವೃತ್ತಿಯನ್ನು ಬರೆದು, ಪೂರ್ವಕವಿಗಳಿಂದ ಪ್ರಯೋಗಗಳನ್ನು ಎತ್ತಿಕೊಟ್ಟನು. ಸೂತ್ರವು ತಿಳಿದವನ ನೆನಪಿಗೆ, ವೃತ್ತಿಪ್ರಯೋಗಗಳು ತಿಳಿಯಬೇಕಾದವನ ಉಪಯೋಗಕ್ಕೆ ಎಂಬ ವಿವೇಕವು ಆತನಿಗಿದ್ದಿತು.

ಈ ವಿವೇಕವು ಸಡಿಲವಾದರೆ ಏನಾಗುವುದೆಂಬುದಕ್ಕೆ ಗಣಕಯಂತ್ರದ ಚರಿತ್ರೆಯಲ್ಲಿ ಒಂದು ಸಣ್ಣ ಅಧ್ಯಾಯವು ನಿದರ್ಶನವಾಗಿದೆ. ತೆರೆಯ ಮೇಲಿನ ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವುದು ಈಗ ಎಲ್ಲರಿಗೂ ಪರಿಚಿತವಾದ ರೀತಿ. ಅದಕ್ಕೂ ಹಿಂದಿನದಾದ, ಇಂದಿಗೂ ಬಳಕೆಯಲ್ಲಿರುವ ಇನ್ನೊಂದು ರೀತಿಯುಂಟು. ಒಂದು ಪಂಕ್ತಿಯಲ್ಲಿ ಮೊದಲು ಸಾಧನದ ಹೆಸರನ್ನೂ, ಅದರ ಮುಂದೆ ಒಂದೆರಡು ಸಂಕೇತಾಕ್ಷರಗಳನ್ನೂ, ಕೊನೆಗೆ ಕಡತಗಳ ಹೆಸರನ್ನೂ ಅಕ್ಷರಗಳಲ್ಲಿಯೇ ಬರೆದು ಯಂತ್ರಕ್ಕೆ ಆಜ್ಞೆ ಕೊಡುವುದು ಆ ರೀತಿ. ಅನೇಕ ಕಡತಗಳನ್ನು ಸೇರಿಸಿ ಒಂದು ಕಟ್ಟು ಕಟ್ಟುವುದಕ್ಕೂ, ಆ ಕಟ್ಟನ್ನು ಸಂಕೋಚಗೊಳಿಸಿ ಅಲ್ಪ ಸ್ಥಳದಲ್ಲಿ ಹಿಡಿಸುವುದಕ್ಕೂ, ಬೇಕಾದಾಗ ಬಿಚ್ಚಿ ಮೊದಲಿನಂತೆಯೇ ಪಡೆಯುವುದಕ್ಕೂ ಹೀಗೆ ನಡೆಯುವ ಸಾಧನಗಳು ಹಲವಿವೆ. ಕಚೇರಿಯ ದಾಖಲೆ, ವಿದ್ವಾಂಸನ ಹಸ್ತಪ್ರತಿ, ಮನೆಯವರ ಭಾವಚಿತ್ರ, ಎಲ್ಲವೂ ಇಂಥ ಕಟ್ಟುಗಳಲ್ಲಿ ಅಡಗಿರುವುವು. ಆಜ್ಞೆಯ ರೂಪವು ಮರೆತುಹೋದಾಗ ಸಾಧನವನ್ನೇ ಸಹಾಯ ಕೇಳಿದರೆ ಅದು ತನ್ನ ಸಂಕೇತಾಕ್ಷರಗಳ ಪಟ್ಟಿಯೊಂದನ್ನು ತೆರೆಯ ಮೇಲೆ ಸುರಿಯುವುದು. ಇದಕ್ಕೆ ಸಹಾಯಪಾಠವೆಂದು ಹೆಸರು. ಪಟ್ಟಿಯಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೂ ಓದಿದವರು ಮೊದಲಿಗಿಂತ ಹೆಚ್ಚಿನ ಗೊಂದಲದಲ್ಲಿ ಬೀಳುವುದು ಅರ್ಧ ಶತಮಾನದಿಂದ ಕೇಳಿಬರುತ್ತಿರುವ ದೂರು. ಈ ಅಸ್ಪಷ್ಟತೆ ಯಾರದೋ ಅಲಕ್ಷ್ಯದಿಂದ ಒಂದು ದಿನ ಹುಟ್ಟಿದುದಲ್ಲ. ಅದಕ್ಕೆ ವಂಶವುಂಟು, ಚರಿತ್ರೆಯುಂಟು.

ಅಮೆರಿಕ ದೇಶದ ಬೆಲ್ ಪ್ರಯೋಗಾಲಯದಲ್ಲಿ ೧೯೬೯ರಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಎಂಬ ಇಬ್ಬರು ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಗೆ ತಳಹದಿ ಹಾಕಿದರು. ಅಂದು ಆಜ್ಞೆ ಕೊಡುವುದು ಸಾಮಾನ್ಯವಾಗಿ ಬೆಳಗುವ ತೆರೆಯ ಮೂಲಕ ನಡೆಯುತ್ತಿರಲಿಲ್ಲ. ಟೆಲಿಟೈಪ್ ಎಂಬ ಮುದ್ರಣಯಂತ್ರದ ಮುಂದೆ ಕುಳಿತು ಕೀಲಿಗಳನ್ನೊತ್ತಬೇಕಾಗಿದ್ದಿತು. ಉತ್ತರವು ಕಾಗದದ ಸುರುಳಿಯ ಮೇಲೆ ಅಚ್ಚಾಗಿ ಬರುತ್ತಿದ್ದಿತು. ಆ ಕಾಲದಲ್ಲಿ ಬಹುವಾಗಿ ಬಳಕೆಯಲ್ಲಿದ್ದ ಮಾದರಿಯ ವೇಗವು ಸೆಕೆಂಡಿಗೆ ೧೦ ಅಕ್ಷರ ಮಾತ್ರ. ಎರಡು ಸಾವಿರ ಅಕ್ಷರಗಳ ಸಹಾಯಪಾಠವೊಂದು ಅಚ್ಚಾಗಬೇಕಾದರೆ ಮೂರು ನಿಮಿಷಕ್ಕೂ ಮೇಲ್ಪಟ್ಟು ಕಾದಿರಬೇಕಾಗುವುದು. ಇಂಥ ಸ್ಥಿತಿಯಲ್ಲಿ ಮಿತಭಾಷೆಯೇ ಗುಣವೆನಿಸಿದುದು ಆಶ್ಚರ್ಯವಲ್ಲ. ಆಜ್ಞೆಗಳ ಹೆಸರುಗಳು ಎರಡು ಮೂರು ಅಕ್ಷರಗಳಿಗೆ ಇಳಿದುವು. ಎಡ್ ಎಂಬ ಬರೆವಣಿಗೆಯ ಸಾಧನವಂತೂ ಬಳಸುವವನ ತಪ್ಪು ಯಾವುದೇ ಆಗಿರಲಿ, ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಅಚ್ಚೊತ್ತಿ ಸುಮ್ಮನಾಗುತ್ತಿದ್ದಿತು.

ಹಾಗೆಂದು ಆ ವಿದ್ವಾಂಸರು ವಿವರಣೆಯನ್ನು ಕಡೆಗಣಿಸಿದರೆಂದು ಹೇಳಲಾಗದು. ೧೯೭೧ನೆಯ ನವೆಂಬರ್ ೩ರ ತಾರೀಖನ್ನು ಹೊತ್ತ ಯುನಿಕ್ಸ್ ಕೈಪಿಡಿಯ ಮೊದಲನೆಯ ಆವೃತ್ತಿಯಲ್ಲಿ ಒಂದೊಂದು ಆಜ್ಞೆಗೂ ಪ್ರತ್ಯೇಕ ಪುಟವುಂಟು. ಹೆಸರು, ಸಂಗ್ರಹರೂಪ, ವಿವರಣೆ, ಸಂಬಂಧಪಟ್ಟ ಕಡತಗಳು, ದೋಷಗಳು ಎಂದು ಶೀರ್ಷಿಕೆಗಳನ್ನು ಕ್ರಮಪಡಿಸಿದ ಅದರ ವಿನ್ಯಾಸವು ಸ್ವಲ್ಪ ಮಾರ್ಪಾಟುಗಳೊಡನೆ ಇಂದಿಗೂ ನಡೆದುಬಂದಿದೆ. ತಮ್ಮ ಕೃತಿಯ ದೋಷಗಳನ್ನು ತಾವೇ ಪ್ರಕಟಿಸಿಕೊಂಡ ಆ ಪ್ರಾಮಾಣಿಕತೆ ಶ್ಲಾಘನೀಯವಾದುದು. ಆ ಮೊದಲ ಆವೃತ್ತಿಯಲ್ಲಿ ಇನ್ನೊಂದು ಶೀರ್ಷಿಕೆಯೂ ಇದ್ದಿತು. ಅದು ‘ಒಡೆಯ’ ಎಂಬುದು. ಆ ಸಾಧನಕ್ಕೆ ಹೊಣೆಗಾರರು ಯಾರೆಂಬುದನ್ನು ಅಲ್ಲಿ ಕೆಲವೇ ಅಕ್ಷರಗಳಲ್ಲಿ ಸೂಚಿಸಿರುವರು. ಓದುವವರೆಲ್ಲರೂ ಒಂದೇ ಸಂಸ್ಥೆಯವರು. ಪುಟವು ಅರ್ಥವಾಗದಿದ್ದರೆ ಎದ್ದು ಹೋಗಿ ಒಡೆಯನನ್ನೇ ಕೇಳಬಹುದಾಗಿದ್ದಿತು. ಅಂದರೆ ಸೂತ್ರವು ಪುಟದಲ್ಲಿಯೂ ಗುರುಮುಖವು ಅಲ್ಲಿಯೇ ಸಮೀಪದಲ್ಲಿಯೂ ಇದ್ದುವು. ೧೯೭೯ರ ಏಳನೆಯ ಆವೃತ್ತಿಯ ವೇಳೆಗೆ ಯುನಿಕ್ಸ್ ಅನೇಕ ವಿಶ್ವವಿದ್ಯಾನಿಲಯಗಳಿಗೆ ಹರಡಿದ್ದಿತು. ಪುಟವು ದೂರಕ್ಕೆ ಹೋಯಿತು. ‘ಒಡೆಯ’ ಎಂಬ ಶೀರ್ಷಿಕೆಯು ಕಾಣದಾಯಿತು. ಮಿತಭಾಷೆ ಮಾತ್ರ ಹಾಗೆಯೇ ಉಳಿಯಿತು.

ಆ ಏಳನೆಯ ಆವೃತ್ತಿಯಲ್ಲಿಯೇ ಟಾರ್ ಎಂಬ ಕಟ್ಟುವ ಸಾಧನವು ಪ್ರಕಟವಾಯಿತು. ಕಡತಗಳನ್ನು ಕಾಂತೀಯ ಪಟ್ಟಿಯ ಮೇಲೆ ಸಂಗ್ರಹಿಸಿಡುವುದೇ ಅದರ ಉದ್ದೇಶ. ಹೆಸರೂ ಆ ಅರ್ಥದ ಎರಡು ಶಬ್ದಗಳ ಸಂಕ್ಷೇಪವೇ. ಅದಕ್ಕೆ ಆಜ್ಞೆ ಕೊಡುವ ಕ್ರಮವು ಅತ್ಯಂತ ಸಂಕ್ಷಿಪ್ತವಾಗಿದ್ದಿತು. ‘ಸಿ’ ಎಂದರೆ ಹೊಸ ಕಟ್ಟನ್ನು ಕಟ್ಟು, ‘ಎಕ್ಸ್’ ಎಂದರೆ ಬಿಚ್ಚು, ‘ಟಿ’ ಎಂದರೆ ಒಳಗಿರುವುದನ್ನು ಪಟ್ಟಿಮಾಡು, ‘ಎಫ್’ ಎಂದರೆ ಮುಂದೆ ಹೇಳುವ ಹೆಸರಿನ ಕಟ್ಟನ್ನು ತೆಗೆದುಕೊ, ‘ವಿ’ ಎಂದರೆ ಮಾಡುತ್ತಿರುವುದನ್ನು ಹೇಳುತ್ತಾ ಹೋಗು. ಈ ಅಕ್ಷರಗಳನ್ನು ಗುಂಪಾಗಿ ಬರೆದರೆ ಸಾಕಾಗಿದ್ದಿತು. ಹಿಂದೆ ಅಡ್ಡಗೆರೆ ಬೇಕಾಗಿರಲಿಲ್ಲ. ಮುಂದೆ ಯುನಿಕ್ಸ್ ಸಾಧನಗಳಲ್ಲಿ ಸಂಕೇತಾಕ್ಷರಗಳ ಹಿಂದೆ ಅಡ್ಡಗೆರೆಯಿರಬೇಕೆಂಬ ಸಾಮಾನ್ಯ ನಿಯಮವು ನೆಲೆಗೊಂಡಿತು. ಟಾರ್ ಹಳೆಯದನ್ನು ಬಿಡದೆ ಹೊಸದನ್ನೂ ಸ್ವೀಕರಿಸಿತು. ಗ್ನೂ ಯೋಜನೆಯ ಟಾರ್‌ನಲ್ಲಿ ಪೂರ್ಣ ಪದಗಳ ಮೂರನೆಯ ಕ್ರಮವೊಂದೂ ಸೇರಿಕೊಂಡಿತು.

ಮೂರು ಕ್ರಮಗಳು ಒಂದೇ ಮನೆಯಲ್ಲಿ ಸೇರಿದುದರ ಫಲವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಅಡ್ಡಗೆರೆಯಿಲ್ಲದೆ ‘ಸಿ ಎಫ್ ವಿ’ ಎಂದು ಕೂಡಿಸಿ ಬರೆದು ಮುಂದೆ ಕಟ್ಟಿನ ಹೆಸರನ್ನು ಬರೆದರೆ ಕೆಲಸವು ಸರಿಯಾಗಿ ನಡೆಯುವುದು. ಅವೇ ಮೂರು ಅಕ್ಷರಗಳ ಹಿಂದೆ ಅಡ್ಡಗೆರೆಯೊಂದನ್ನು ಎಳೆದರೆ ಅರ್ಥವು ತಿರುಗಿಬೀಳುವುದು. ಹೊಸ ಕ್ರಮದಲ್ಲಿ ‘ಎಫ್’ ಎಂಬುದು ತನಗೆ ಅಂಟಿಕೊಂಡು ಬಂದುದನ್ನೇ ಹೆಸರೆಂದು ಎಣಿಸುವುದರಿಂದ ಟಾರ್ ‘ವಿ’ ಎಂಬ ಹೆಸರಿನ ಕಟ್ಟನ್ನು ಕಟ್ಟಿ, ಬಳಸುವವನು ಉದ್ದೇಶಿಸಿದ ಕಟ್ಟಿನ ಹೆಸರನ್ನು ಒಳಗೆ ಸೇರಿಸಬೇಕಾದ ಕಡತವೆಂದು ಹುಡುಕಲು ತೊಡಗುವುದು. ಸಹಾಯಪಾಠದಲ್ಲಿ ‘ಎಫ್’ ಅಕ್ಷರದ ಮುಂದೆ ಅದಕ್ಕೊಂದು ಹೆಸರು ಬೇಕೆಂದು ಬರೆದಿರುವುದು ನಿಜ. ಆದರೆ ಅಕ್ಷರಗಳ ಅನುಕ್ರಮದಲ್ಲಿ ಒಂದು ಸ್ಥಾನ ವ್ಯತ್ಯಾಸವಾದರೆ ಹೀಗಾಗುವುದೆಂಬುದನ್ನು ಆ ಸಾಲಿನಿಂದ ಊಹಿಸುವುದು ಕಷ್ಟ.

ಇದಕ್ಕಿಂತ ಅಪಾಯಕರವಾದ ತಪ್ಪೂ ಉಂಟು. ಕಟ್ಟಿನ ಹೆಸರನ್ನು ಹೇಳಲು ಮರೆತು, ‘ಸಿ ಎಫ್’ ಎಂಬುದರ ಮುಂದೆ ನೇರವಾಗಿ ಕಡತಗಳ ಹೆಸರನ್ನೇ ಬರೆದರೆ, ಅವುಗಳಲ್ಲಿ ಮೊದಲನೆಯದನ್ನೇ ಟಾರ್ ಕಟ್ಟಿನ ಹೆಸರೆಂದು ತಿಳಿದು, ಅದರಲ್ಲಿದ್ದುದನ್ನು ಅಳಿಸಿ, ಉಳಿದವುಗಳನ್ನು ಅದರೊಳಗೆ ಕಟ್ಟಿಬಿಡುವುದು. ಬಿಚ್ಚಬೇಕಾದಲ್ಲಿ ‘ಎಕ್ಸ್’ ಎನ್ನುವುದಕ್ಕೆ ಬದಲಾಗಿ ‘ಸಿ’ ಎಂದು ಬರೆದು ಒಳಗಿನ ಕಡತವೊಂದರ ಹೆಸರನ್ನು ಹೇಳಿದರೆ ಹಳೆಯ ಕಟ್ಟೇ ಹಾಳಾಗುವುದು. ಯಾವ ಹೆಸರನ್ನೂ ಹೇಳದೆ ‘ಸಿ’ ಎಂದರೆ ಮಾತ್ರ ಗ್ನೂ ಯೋಜನೆಯ ಟಾರ್, ತಾನು ಹೇಡಿತನದಿಂದ ಬರಿಗಟ್ಟನ್ನು ಕಟ್ಟಲು ಒಪ್ಪುವುದಿಲ್ಲವೆಂಬ ವಿನೋದದ ಮಾತನ್ನು ಹೇಳಿ ಹಿಂದೆಗೆಯುವುದು. ಆ ಹೇಡಿತನವು ಎಷ್ಟು ಜನರ ಸಂಗ್ರಹವನ್ನು ಕಾಪಾಡಿದೆಯೋ! ಕಾಪಾಡುವ ಈ ಎಚ್ಚರಿಕೆಯು ತಪ್ಪು ನಡೆದ ಮೇಲೆ ಬರುವುದೇ ಹೊರತು ಸಹಾಯಪಾಠದಲ್ಲಿ ಮೊದಲೇ ಕಾಣುವುದಿಲ್ಲ.

ಟಾರ್ ಕಟ್ಟುವುದಷ್ಟೇ, ಸಂಕೋಚಗೊಳಿಸುವುದು ಬೇರೆಯ ವಿದ್ಯೆ. ಅದರ ಮೂಲತತ್ತ್ವಗಳಲ್ಲಿ ಎರಡು ಪ್ರಧಾನವಾದುವು. ಹೆಚ್ಚಾಗಿ ಬರುವ ಅಕ್ಷರಕ್ಕೆ ಗಿಡ್ಡ ಸಂಕೇತವನ್ನೂ ಅಪರೂಪವಾದುದಕ್ಕೆ ಉದ್ದ ಸಂಕೇತವನ್ನೂ ಕೊಡುವುದು ಮೊದಲನೆಯದು. ಇದರ ಉತ್ತಮ ವಿಧಾನವನ್ನು ಡೇವಿಡ್ ಹಫ್‌ಮನ್ ೧೯೫೨ರಲ್ಲಿ ಪ್ರಕಟಿಸಿದನು. ಒಮ್ಮೆ ಬಂದ ಅಕ್ಷರಸಮೂಹವು ಮತ್ತೆ ಬಂದಾಗ ಅದನ್ನೇ ಬರೆಯದೆ ‘ಇಷ್ಟು ಹಿಂದೆ ನೋಡು’ ಎಂದು ಸೂಚಿಸುವುದು ಎರಡನೆಯದು. ಇದನ್ನು ಯಾಕೊಬ್ ಜಿವ್ ಮತ್ತು ಅಬ್ರಹಾಂ ಲೆಂಪೆಲ್ ಎಂಬವರು ೧೯೭೭ರಲ್ಲಿ ವಿವರಿಸಿದರು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಗಿಡ್ಡ ಸಂಕೇತವು ಸಾರ್ಥಕವಾಗಬೇಕಾದರೆ ಬಿಡಿಸುವವನ ಬಳಿಯಲ್ಲಿ ಸಂಕೇತಗಳ ಪಟ್ಟಿಯಿರಬೇಕು. ಆದುದರಿಂದಲೇ ಸಂಕೋಚಿತವಾದ ಕಡತದೊಳಗೆ ಅದನ್ನು ಬಿಡಿಸುವ ಪಟ್ಟಿಯನ್ನೂ ಸಾಮಾನ್ಯವಾಗಿ ಅಡಕಮಾಡಿರುವರು. ಯಂತ್ರಕ್ಕೆ ತೋರಿಸಿದ ಈ ದಾಕ್ಷಿಣ್ಯವನ್ನು ಸಾಧನವನ್ನು ಬಳಸುವ ಮನುಷ್ಯನಿಗೆ ತೋರಿಸಲು ಮರೆತರು.

ಟೆರಿ ವೆಲ್ಚ್ ಎಂಬವನು ೧೯೮೪ರಲ್ಲಿ ಲೆಂಪೆಲ್ ಮತ್ತು ಜಿವ್ ಅವರ ವಿಧಾನವನ್ನು ಸುಧಾರಿಸಿದನು. ಅದನ್ನನುಸರಿಸಿ ಕಂಪ್ರೆಸ್ ಎಂಬ ಸಾಧನವು ಯುನಿಕ್ಸ್ ಬಳಗದಲ್ಲಿ ಪ್ರಚಾರಕ್ಕೆ ಬಂದಿತು. ಆದರೆ ಆ ವಿಧಾನದ ಮೇಲೆ ೧೯೮೫ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರವು ದೊರೆತುದರಿಂದ ಸ್ವತಂತ್ರವಾಗಿ ಬಳಸಬಹುದಾದ ಬೇರೊಂದು ಸಾಧನವು ಬೇಕಾಯಿತು. ಜಾನ್-ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ ಎಂಬವರು ರಚಿಸಿದ ಜಿ-ಜಿಪ್ ೧೯೯೨ರ ಅಕ್ಟೋಬರ್ ೩೧ರಂದು ಹೊರಬಂದು ಆ ಸ್ಥಾನವನ್ನು ತುಂಬಿತು.

ಜಿ-ಜಿಪ್ ತನ್ನ ಪೂರ್ವಿಕನಾದ ಕಂಪ್ರೆಸ್‌ನಿಂದ ಒಂದು ನಡವಳಿಕೆಯನ್ನು ಬಳುವಳಿಯಾಗಿ ಪಡೆಯಿತು. ಕಡತವನ್ನು ಸಂಕೋಚಗೊಳಿಸಿದ ಮೇಲೆ ಮೂಲವನ್ನು ಅಳಿಸಿಬಿಡುವುದೇ ಅದು. ಸಂಗ್ರಹಸ್ಥಳವು ದುರ್ಲಭವಾಗಿದ್ದ ಕಾಲದಲ್ಲಿ ಇದು ನ್ಯಾಯವೇ ಆಗಿದ್ದಿತು. ಸ್ಥಳವನ್ನು ಉಳಿಸಲೆಂದು ಸಂಕೋಚಗೊಳಿಸಿದವನು ಎರಡು ಪ್ರತಿಗಳನ್ನೂ ಇಟ್ಟುಕೊಂಡರೆ ಮಾಡಿದ ಕೆಲಸವೇ ವ್ಯರ್ಥ. ಆದರೆ ಇದನ್ನರಿಯದ ಹೊಸಬನು ಸಹಾಯಪಾಠವನ್ನು ನೋಡಿದರೆ ಅವನಿಗೆ ಕಾಣುವುದೇನು? ‘ಇದ್ದಲ್ಲಿಯೇ’ ಸಂಕೋಚಗೊಳಿಸುವುದೆಂಬ ಒಂದು ಪದ. ಮೂಲವು ಹೋಗುವುದೆಂಬ ಸಂಗತಿಯೆಲ್ಲವೂ ಆ ಒಂದು ಪದದಲ್ಲಿ ಅಡಗಿದೆ. ಕೆಳಗೆ ‘ಸಿ’ ಎಂಬ ಅಕ್ಷರದ ಮುಂದೆ, ಫಲವನ್ನು ಹೊರಕ್ಕೆ ಹರಿಯಬಿಟ್ಟು ಮೂಲವನ್ನು ಹಾಗೆಯೇ ಉಳಿಸುವುದೆಂದು ಬರೆದಿರುವುದು. ಉಳಿಸುವುದಕ್ಕೆ ಒಂದು ವಿಶೇಷ ಅಕ್ಷರವಿದೆಯೆಂದರೆ ಇಲ್ಲದಿದ್ದಾಗ ಉಳಿಯುವುದಿಲ್ಲವೆಂದು ಅರ್ಥಾಪತ್ತಿಯಿಂದ ತಿಳಿದುಕೊಳ್ಳಬೇಕು! ಮೂಲವನ್ನು ಇಟ್ಟುಕೊ ಎಂದು ನೇರವಾಗಿ ಹೇಳುವ ‘ಕೆ’ ಎಂಬ ಅಕ್ಷರವು ಜಿ-ಜಿಪ್‌ಗೆ ಸೇರಿದುದು ೨೦೧೩ರಲ್ಲಿ; ಅಂದರೆ ಸಾಧನವು ಹುಟ್ಟಿ ಇಪ್ಪತ್ತು ವರ್ಷಗಳು ಕಳೆದ ಮೇಲೆ.

ಒಂದೊಂದು ಸಾಧನವನ್ನೂ ಬೇರೆಬೇರೆಯಾಗಿ ಕಲಿತರೆ ಇಷ್ಟು ತೊಡಕಿಲ್ಲ. ಆದರೆ ಒಂದರ ಜ್ಞಾನವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋದವನಿಗೆ ಹೆಜ್ಜೆಹೆಜ್ಜೆಗೂ ಎಡವು. ಸ್ವಂತ ಗಣಕಯಂತ್ರಗಳ ಲೋಕದಲ್ಲಿ ಫಿಲ್ ಕಾಟ್ಜ್ ೧೯೮೯ರಲ್ಲಿ ಹೊರತಂದ ಜಿಪ್ ಎಂಬ ಕಟ್ಟಿನ ರೂಪವು ಬೇರೆಯ ವಂಶದ್ದು. ಅದು ಮುಂದೆ ಯುನಿಕ್ಸ್‌ಗೂ ಬಂದು ಸೇರಿತು. ಜಿ-ಜಿಪ್‌ನಲ್ಲಿ ‘ಡಿ’ ಎಂದರೆ ಬಿಚ್ಚು. ಜಿಪ್‌ನಲ್ಲಿ ‘ಡಿ’ ಎಂದರೆ ಕಟ್ಟಿನೊಳಗಿನ ಕಡತವನ್ನು ಅಳಿಸು. ಟಾರ್‌ನಲ್ಲಿ ‘ಎಕ್ಸ್’ ಎಂದರೆ ಹೊರತೆಗೆ. ಜಿಪ್‌ನಲ್ಲಿ ಅದೇ ಅಕ್ಷರಕ್ಕೆ ಈ ಕಡತಗಳನ್ನು ಸೇರಿಸಬೇಡವೆಂದು ಅರ್ಥ. ಟಾರ್‌ನಲ್ಲಿ ‘ಟಿ’ ಎಂದರೆ ಪಟ್ಟಿಮಾಡು. ಜಿ-ಜಿಪ್‌ನಲ್ಲಿ ಕಡತವು ಕೆಟ್ಟಿದೆಯೇ ಎಂದು ಪರೀಕ್ಷಿಸು. ೧೯೯೯ರಲ್ಲಿ ಇಗೋರ್ ಪಾವ್ಲೊವ್ ಹೊರತಂದ ಸೆವೆನ್-ಜಿಪ್‌ನಲ್ಲಿ ಬಿಚ್ಚುವುದಕ್ಕೆ ಎರಡು ಅಕ್ಷರಗಳು. ‘ಎಕ್ಸ್’ ಎಂದರೆ ಕಡತಗಳು ತಮ್ಮ ತಮ್ಮ ಕೋಶಗಳಲ್ಲಿ ಮೊದಲಿನಂತೆ ಕುಳಿತುಕೊಳ್ಳುವುವು, ‘ಇ’ ಎಂದರೆ ಕೋಶಗಳ ವಿಂಗಡಣೆಯನ್ನು ಬಿಟ್ಟು ಎಲ್ಲವೂ ಒಂದೇ ರಾಶಿಯಾಗಿ ಬೀಳುವುವು. ಸಹಾಯವನ್ನು ಕೇಳುವ ಅಕ್ಷರದಲ್ಲಿಯೂ ಏಕಮತ್ಯವಿಲ್ಲ. ಜಿ-ಜಿಪ್‌ಗೆ ‘ಎಚ್’ ಎಂದರೆ ಸಹಾಯಪಾಠವು ಬರುವುದು. ಗ್ನೂ ಟಾರ್‌ಗೆ ‘ಎಚ್’ ಎಂದರೆ, ಬೇರೆ ಕಡತವನ್ನು ಬೆರಳುಮಾಡಿ ತೋರಿಸುವ ಕೊಂಡಿಗಳಿದ್ದಲ್ಲಿ ಕೊಂಡಿಯನ್ನು ಬಿಟ್ಟು ಆ ಕಡತವನ್ನೇ ಸೇರಿಸಿಕೊ ಎಂದು ಅರ್ಥ. ಸಹಾಯಕ್ಕಾಗಿ ಕೈಯೆತ್ತಿದವನಿಗೆ ಇದಕ್ಕಿಂತ ವಿಚಿತ್ರವಾದ ಉತ್ತರವಿರಲಾರದು.

ಅಂಕೆಗಳ ವಿಷಯವೂ ಹೀಗೆಯೇ. ಸಂಕೋಚದ ಬಿಗಿಯನ್ನು ೧ರಿಂದ ೯ರವರೆಗೆ ಆರಿಸಿಕೊಳ್ಳಬಹುದೆಂದು ಜಿ-ಜಿಪ್‌ನ ಸಹಾಯಪಾಠವು ಹೇಳುವುದು. ೧ ಶೀಘ್ರ, ೯ ಉತ್ತಮ. ಜೂಲಿಯನ್ ಸೀವರ್ಡ್ ೧೯೯೬ರಲ್ಲಿ ಹೊರತಂದ ಬಿ-ಜಿಪ್ ಸಾಧನಮಾಲೆಯಲ್ಲಿಯೂ ಇವೇ ಅಂಕೆಗಳಿವೆ, ಆದರೆ ಅವು ಒಮ್ಮೆಗೆ ಸ್ವೀಕರಿಸುವ ಪಾಠಖಂಡದ ಗಾತ್ರವನ್ನು ಸೂಚಿಸುವುವು; ‘ಶೀಘ್ರ’ ಎಂಬುದು ಹೇಳತಕ್ಕಷ್ಟು ಶೀಘ್ರವೇನೂ ಅಲ್ಲವೆಂದು ಅದರ ಕೈಪಿಡಿಯೇ ಒಪ್ಪಿಕೊಳ್ಳುವುದು. ೨೦೦೯ರಲ್ಲಿ ಬಂದ ಎಕ್ಸ್‌ಜೆಡ್ ಎಂಬುದರಲ್ಲಿ ೯ ಎಂದರೆ ಸಂಕೋಚಗೊಳಿಸಲು ೬೭೪ ಮೆಬಿಬೈಟ್ ಸ್ಮೃತಿಯೂ ಬಿಚ್ಚಲು ೬೫ ಮೆಬಿಬೈಟ್ ಸ್ಮೃತಿಯೂ ಬೇಕು. ಸಣ್ಣ ಯಂತ್ರದಲ್ಲಿ ಬಿಚ್ಚಬೇಕಾದವನಿಗೆ ಈ ಸಂಖ್ಯೆ ಮುಖ್ಯವಾದುದು. ಅದರ ಕೈಪಿಡಿಯು ಕೋಷ್ಟಕವನ್ನೇ ಕೊಟ್ಟು, ೯ನ್ನು ಕುರುಡಾಗಿ ಬಳಸಬಾರದೆಂದು ಎಚ್ಚರಿಸಿದೆ. ಒಂದೇ ಅಂಕೆ, ಮೂರು ಸಾಧನಗಳಲ್ಲಿ ಮೂರು ಅರ್ಥ.

ಈ ಅವ್ಯವಸ್ಥೆಯನ್ನು ಹೇಳಿ ತೋರಿಸಿದವರಿಲ್ಲದಿಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕನಾದ ಡೊನಾಲ್ಡ್ ನಾರ್ಮನ್ ೧೯೮೧ರಲ್ಲಿಯೇ ಡೇಟಾಮೇಷನ್ ಎಂಬ ಪತ್ರಿಕೆಯಲ್ಲಿ ಯುನಿಕ್ಸ್‌ನ ಒಳರಚನೆಯನ್ನು ಹೊಗಳಿ, ಅದು ಮನುಷ್ಯನೊಡನೆ ವ್ಯವಹರಿಸುವ ರೀತಿಯನ್ನು ಕಟುವಾಗಿ ಖಂಡಿಸಿದನು. ಹೆಸರುಗಳಲ್ಲಿ ಕ್ರಮವಿಲ್ಲ, ಆಜ್ಞೆಗಳಲ್ಲಿ ಸಾಮ್ಯವಿಲ್ಲ ಎಂಬುದು ಅವನ ಆಕ್ಷೇಪಣೆಗಳಲ್ಲಿ ಮುಖ್ಯವಾದುದು. ವ್ಯವಸ್ಥೆಯನ್ನು ತರುವ ಪ್ರಯತ್ನವೂ ನಡೆಯಿತು. ಟಾರ್ ಪಕ್ಷದವರಿಗೂ ಸಿಪಿಐಒ ಎಂಬ ಇನ್ನೊಂದು ಸಾಧನದ ಪಕ್ಷದವರಿಗೂ ಬಹುಕಾಲ ವಾದವಾದ ಮೇಲೆ, ಪೋಸಿಕ್ಸ್ ಎಂಬ ಪ್ರಮಾಣಗ್ರಂಥದವರು ೧೯೯೨ರಲ್ಲಿ ಪ್ಯಾಕ್ಸ್ ಎಂಬ ಮೂರನೆಯದನ್ನು ನಿಯಮಿಸಿದರು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಶಾಂತಿಯೆಂದರ್ಥ. ೨೦೦೧ರ ಪ್ರಮಾಣದಲ್ಲಿ ಟಾರ್ ಆಜ್ಞೆಗೆ ಸ್ಥಾನವೇ ಇಲ್ಲದಂತಾಯಿತು. ಆದರೂ ಜನರು ಟಾರನ್ನು ಬಿಡಲಿಲ್ಲ. ಪ್ಯಾಕ್ಸನ್ನು ಕಲಿತವರು ವಿರಳ. ಬೆರಳಿಗೆ ರೂಢಿಯಾದುದು ಗ್ರಂಥದಲ್ಲಿ ಬರೆದುದಕ್ಕಿಂತ ಬಲವಾದುದು.

ಗ್ನೂ ಯೋಜನೆಯವರ ಕೊಡುಗೆಯನ್ನು ಇಲ್ಲಿ ನಿಷ್ಪಕ್ಷಪಾತವಾಗಿ ತೂಗಬೇಕು. ಪೂರ್ಣ ಪದಗಳ ಆಯ್ಕೆಗಳನ್ನೂ, ಯಾವ ಸಾಧನವಾದರೂ ‘ಹೆಲ್ಪ್’ ಎಂದು ಕೇಳಿದರೆ ಉತ್ತರಿಸಬೇಕೆಂಬ ನಿಯಮವನ್ನೂ ಪ್ರಚಾರಮಾಡಿದವರು ಅವರು. ಟಾರ್ ಕುರಿತು ದೊಡ್ಡದೊಂದು ಗ್ರಂಥವನ್ನೇ ಬರೆದರು. ಅದು ನಿಜವಾಗಿ ವೃತ್ತಿಯೇ, ಉದಾಹರಣೆಗಳಿಂದ ತುಂಬಿದೆ. ಆದರೆ ಅದು ಇನ್‌ಫೋ ಎಂಬ ಬೇರೆಯ ಓದುವ ಸಾಧನಕ್ಕಾಗಿ ಸಿದ್ಧವಾದುದು. ಎಲ್ಲರೂ ಹುಡುಕುವ ಹಳೆಯ ಕ್ರಮದ ಕೈಪಿಡಿ ಪುಟವನ್ನು ಗ್ನೂ ಟಾರ್‌ನೊಡನೆ ಅಧಿಕೃತವಾಗಿ ಕೊಟ್ಟುದು ೨೦೧೪ರಲ್ಲಿ ಮಾತ್ರ; ಅಲ್ಲಿಯವರೆಗೂ ಹಂಚುವವರು ತಾವು ತಾವೇ ಪುಟಗಳನ್ನು ಬರೆದುಕೊಂಡು ಸೇರಿಸುತ್ತಿದ್ದರು. ಇನ್ನು ಸಹಾಯಪಾಠ. ಅದರ ತಲೆಯಲ್ಲಿಯೇ ಕಟ್ಟುವುದು, ಪಟ್ಟಿಮಾಡುವುದು, ಬಿಚ್ಚುವುದು ಎಂಬ ಮೂರಕ್ಕೂ ಒಂದೊಂದು ಅಚ್ಚುಕಟ್ಟಾದ ಉದಾಹರಣೆಯಿದೆ. ಅದರ ಕೆಳಗೆ ನೂರಕ್ಕೂ ಮೀರಿದ ಆಯ್ಕೆಗಳ ಪಟ್ಟಿ. ತೆರೆಯ ಮೇಲೆ ಪಾಠವು ಮೇಲಕ್ಕೆ ಸರಿಯುತ್ತ ಹೋಗಿ ಕೊನೆಯ ಭಾಗವು ಮಾತ್ರ ಕಣ್ಣೆದುರಿಗೆ ನಿಲ್ಲುವುದರಿಂದ, ಹೊಸಬನಿಗೆ ಅತ್ಯಗತ್ಯವಾದ ಆ ಮೂರು ಸಾಲುಗಳೇ ಮೊದಲು ಕಣ್ಮರೆಯಾಗುವುವು. ಕಾಗದದ ಸುರುಳಿಯಲ್ಲಾದರೆ ಹಿಂದಿನದನ್ನು ಎಳೆದು ನೋಡಬಹುದಾಗಿದ್ದಿತು.

ಪರಿಹಾರಗಳು ನಿಧಾನವಾಗಿ, ಬೇರೆಬೇರೆ ಕಡೆಗಳಿಂದ ಬಂದುವು. ಕಟ್ಟು ಯಾವ ವಿಧಾನದಿಂದ ಸಂಕೋಚಗೊಂಡಿದೆಯೆಂಬುದನ್ನು ಬಿಚ್ಚುವವನೇ ನೆನೆದು ತಕ್ಕ ಅಕ್ಷರವನ್ನು ಹೇಳಬೇಕಾಗಿದ್ದಿತಷ್ಟೆ. ೨೦೦೪ರಿಂದ ಗ್ನೂ ಟಾರ್ ಅದನ್ನು ತಾನೇ ಗುರುತಿಸತೊಡಗಿತು. ನಾಲ್ಕು ಗಿಬಿಬೈಟಿಗೆ ಮೇಲ್ಪಟ್ಟ ಕಡತಗಳ ಮೂಲಗಾತ್ರವನ್ನು ಜಿ-ಜಿಪ್ ತಪ್ಪಾಗಿ ತೋರಿಸುತ್ತಿದ್ದಿತು. ಸಹಾಯಪಾಠವು ಈ ವಿಷಯದಲ್ಲಿ ಮೌನವಾಗಿದ್ದರೂ ಕೈಪಿಡಿಯ ‘ದೋಷಗಳು’ ಎಂಬ ಶೀರ್ಷಿಕೆಯಲ್ಲಿ ಅದನ್ನು ಒಪ್ಪಿಕೊಂಡಿದ್ದರು. ಆ ದೋಷವು ೨೦೨೨ರಲ್ಲಿ ನಿವಾರಣೆಯಾಯಿತು. ೨೦೧೬ರಲ್ಲಿ ಯಾನ್ ಕೊಲೆ ಪೂರ್ಣರೂಪದಲ್ಲಿ ಹೊರತಂದ ಜೆಡ್‌ಸ್ಟ್ಯಾಂಡರ್ಡ್ ಎಂಬ ಸಾಧನವು, ಕೇಳಿದ ಹೊರತು ಮೂಲವನ್ನು ಅಳಿಸುವುದಿಲ್ಲ. ೨೦೧೩ರಲ್ಲಿ ಎರಡು ಘಟನೆಗಳು ಒದಗಿದುವು. ಒಂದು, ರ‍್ಯಾಂಡಲ್ ಮನ್ರೋ ಎಂಬ ವ್ಯಂಗ್ಯಚಿತ್ರಕಾರನು ಬರೆದ ಚಿತ್ರ. ಅದರಲ್ಲಿ ಸಿಡಿಗುಂಡನ್ನು ತಡೆಯಬೇಕಾದರೆ ಎಲ್ಲಿಯೂ ನೋಡಿಕೊಳ್ಳದೆ ಮೊದಲ ಪ್ರಯತ್ನದಲ್ಲಿಯೇ ಒಂದು ಸರಿಯಾದ ಟಾರ್ ಆಜ್ಞೆಯನ್ನು ಬರೆಯಬೇಕೆಂದಿದೆ, ಯುನಿಕ್ಸ್ ಬಲ್ಲವನು ಕೈಚೆಲ್ಲಿ ನಿಲ್ಲುವನು. ಬಲ್ಲವರೆಲ್ಲರೂ ನಕ್ಕರು, ಆ ನಗೆಯಲ್ಲಿ ತಪ್ಪೊಪ್ಪಿಗೆಯೂ ಇದ್ದಿತು. ಇನ್ನೊಂದು, ಅದೇ ವರ್ಷದ ಕೊನೆಯಲ್ಲಿ ಮೊದಲಾದ ಟಿಎಲ್‌ಡಿಆರ್ ಪುಟಗಳ ಯೋಜನೆ. ಜನಸಾಮಾನ್ಯರು ಕೂಡಿ ಬರೆಯುವ ಈ ಪುಟಗಳಲ್ಲಿ ಅಕ್ಷರಗಳ ಪಟ್ಟಿಯಿಲ್ಲ. ‘ಹೊಸ ಕಟ್ಟನ್ನು ಕಟ್ಟಬೇಕಾದರೆ ಹೀಗೆ, ಬಿಚ್ಚಬೇಕಾದರೆ ಹೀಗೆ’ ಎಂದು ಮಾಡಬೇಕಾದ ಕೆಲಸವನ್ನು ಮುಂದಿಟ್ಟು ಪ್ರಯೋಗವನ್ನು ಕೊಡುವುದೇ ಅವುಗಳ ಕ್ರಮ.

ಟಾರ್‌ನ ‘ಸಿ’ಯನ್ನೂ ಜಿಪ್‌ನ ‘ಡಿ’ಯನ್ನೂ ಈಗ ಬದಲಾಯಿಸುವಂತಿಲ್ಲ. ಅವನ್ನೇ ನಂಬಿ ಬರೆದಿಟ್ಟ ಲೆಕ್ಕವಿಲ್ಲದ ಆಜ್ಞಾಪಂಕ್ತಿಗಳು ಜಗತ್ತಿನ ಯಂತ್ರಗಳಲ್ಲಿ ರಾತ್ರಿಯೆಲ್ಲ ಕೆಲಸ ಮಾಡುತ್ತಿವೆ. ಒಂದು ಅಕ್ಷರದ ಅರ್ಥವು ಕದಲಿದರೆ ಅವೆಲ್ಲವೂ ಕೆಡುವುವು. ಆದರೆ ಸಹಾಯಪಾಠವನ್ನು ಓದುವುದು ಮನುಷ್ಯರು. ಅದನ್ನು ತಿದ್ದಿದರೆ ಯಾವ ಯಂತ್ರವೂ ನಿಲ್ಲುವುದಿಲ್ಲ. ಅಕಾರಾದಿಯಾಗಿ ಜೋಡಿಸಿದ ಪಟ್ಟಿಗೆ ಮೊದಲು ನಾಲ್ಕು ಪ್ರಯೋಗಗಳನ್ನು ಕಣ್ಣಿಗೆ ಬೀಳುವಲ್ಲಿ ಇಡುವುದು, ಮೂಲವನ್ನು ಅಳಿಸುವ ಅಕ್ಷರ ಯಾವುದೆಂಬುದನ್ನು ಬಾಯಿಬಿಟ್ಟು ಹೇಳುವುದು, ಇವಿಷ್ಟಕ್ಕೆ ಹೊಸ ಗಣಿತವೇನೂ ಬೇಕಾಗಿಲ್ಲ. ಸೆಕೆಂಡಿಗೆ ಹತ್ತು ಅಕ್ಷರಗಳ ಯಂತ್ರವು ಮೂಲೆಗೆ ಸೇರಿ ದಶಕಗಳಾದುವು. ಅದರ ಮಿತವ್ಯಯವನ್ನು ಅನುಸರಿಸಬೇಕಾದ ಕಾರಣವೂ ಅದರೊಡನೆಯೇ ಹೋಯಿತು. ಬಲ್ಲವನು ಬರೆದ ಸೂತ್ರವು ಬಲ್ಲವನಿಗೆ ಸಾಕು. ಕಟ್ಟಿನೊಳಗೆ ತನ್ನ ವರ್ಷಾಂತರದ ದುಡಿಮೆಯನ್ನಿಟ್ಟು, ಯಾವ ಅಕ್ಷರವನ್ನೊತ್ತಿದರೆ ಅದು ತಿರುಗಿ ದೊರೆಯುವುದೆಂದು ತಿಳಿಯದೆ ತೆರೆಯ ಮುಂದೆ ಕುಳಿತವನಿಗೆ ಬೇಕಾದುದು ವೃತ್ತಿ ಮತ್ತು ಪ್ರಯೋಗ.